ಅಂಗೈಯ ಠಸೆ

ಯಾವ ದೂರು ಒಯ್ದರೂ ನಮ್ಮ ಶಾಸಕರು ಕೇಳುತ್ತಿದ್ದುದು ಒಂದೇ: "ಕಾಗದದಾಗ ಏನದ?"

ತೊಂಬತ್ತರ ದಶಕದಲ್ಲಿ ಕಮಲಾಪುರದ ಕೆಂಪುಬಾಳೆ ತೋಟಗಳ ಪಕ್ಕ ಕಲ್ಲು ಒಡೆಯುವ ಕ್ರಷರ್ ಬಂತು. ಧೂಳು ಕೂತು ಬೆಳೆ ಸಾಯುತ್ತಿತ್ತು. ಕಲಬುರಗಿಯಿಂದ ಜೀಪಿನಲ್ಲಿ ಬಂದ ಶಾಸಕರು ತಪಾಸಣೆಯ ವರದಿ ತೋರಿಸಿದರು: "ಧೂಳಿಲ್ಲ ಅಂತದ."

"ಕಾಗದ ಉಣ್ಲಾಕ ಬರಂಗಿಲ್ರಿ ಸಾಹೇಬ್ರ, ಊಟಕ್ಕ ಕುಂದರ್ರಿ," ಎಂದು ತೋಟದ ಅಜ್ಜಿ ಆಗಷ್ಟೇ ಕೊಯ್ದ ಬಾಳೆಎಲೆ ಹಾಸಿದಳು.

ಅಂದು ಬಿಸಿಲಿತ್ತೋ ಮೋಡವೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಶಾಸಕರ ಆ ಕೈ ಮಾತ್ರ ಬದಲಾಗುವುದಿಲ್ಲ. ರೂಢಿಯಂತೆ ಅದು ಎಲೆಗೆ ನೀರು ಚಿಮುಕಿಸಿ ಒರೆಸಿತು. ಅಂಗೈ ತುಂಬ ಬೂದು ಕೆಸರು!

"ಈಗ ಹೇಳ್ರಿ," ಅಂದಳು ಅಜ್ಜಿ.

ಶಾಸಕರು ವರದಿ ಬಿಡಿಸಿ ಅದರ ಮೇಲೆ ಅಂಗೈ ಒತ್ತಿದರು.

"ತಗೋರಿ, ಕಾಗದದಾಗ ಬಂತು."