ಪೊರೆ ಎಂದರು, ಕಾದೆ

ಮೊದಲು ಕಂಡದ್ದು ಲಾಂದ್ರದ ಸುತ್ತ ಬಣ್ಣದ ಬಳೆಗಳು.

ಹೊಳೆನರಸೀಪುರದ ನಮ್ಮ ಮನೆಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಸಂಜೆ ಲಾಂದ್ರ ಹಚ್ಚಿ ನಡುಮನೆಯಲ್ಲಿಟ್ಟರೆ ಅದರ ಸುತ್ತ ಕೆಂಪು, ಹಸಿರು, ನೀಲಿ. ನೋಡಲು ಚೆನ್ನಾಗಿಯೇ ಇತ್ತು. ಗಾಜಿಗೆ ಮಸಿ ಹಿಡಿದಿರಬೇಕೆಂದು ಬೂದಿ ಹಾಕಿ ಉಜ್ಜಿದೆ. ಮರುದಿನವೂ ಬಳೆಗಳು ಇದ್ದವು. ಹುಬ್ಬಿನ ಮೇಲೆ ನೋವು ಶುರುವಾಯಿತು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿ, ಕಾಪಿ ತಿದ್ದಿ, ನಿವೃತ್ತಳಾದವಳು ನಾನು. ಕಣ್ಣು ದಣಿದಿದೆ ಎಂದುಕೊಂಡೆ.

ಆಮೇಲೆ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿಯತೊಡಗಿತು. ಎದುರಿಗಿದ್ದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕದಲ್ಲಿದ್ದದ್ದು ಇಲ್ಲವೇ ಇಲ್ಲ ಅನ್ನುವ ಹಾಗೆ.

ತಮ್ಮ ಮಹದೇವ ರೈಲಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದ. ಅವನ ವಿಷಯ ಹೇಳಬೇಕು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ನಾನು ತೌರಿಗೆ ಬಂದಾಗ ಅವನಿಗೆ ಆರು ವರ್ಷ. ಮರುವರ್ಷವೇ ಅಮ್ಮ ಹೋದಳು. ಅವನನ್ನು ಸಾಕಿದವಳು ನಾನು, ಓದಿಸಿದವಳು ನಾನು. ಈಗ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದಾನೆ. ಅವನಿಗೆ ಒಬ್ಬಳೇ ಮಗಳು, ಗಿರಿಜೆ. ಅವಳು ಬೆಳೆದದ್ದು ನನ್ನ ಮಡಿಲಲ್ಲಿ.

ಹಾಸನದ ಡಾಕ್ಟರು ಕಣ್ಣು ಮುಚ್ಚಿಸಿ, ರೆಪ್ಪೆಯ ಮೇಲೆ ಎರಡು ಬೆರಳಿಟ್ಟು ಒತ್ತಿ ಒತ್ತಿ ನೋಡಿದರು. ಕಾಂಪೌಂಡರು ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದ. ವರಾಂಡದಲ್ಲಿ ಡಾಕ್ಟರು ಮಹದೇವನ ಹತ್ತಿರ ಇಂಗ್ಲಿಷಿನಲ್ಲಿ ತುಂಬ ಹೊತ್ತು ಮಾತಾಡಿದರು. ಅವನು ಬಂದು ನನ್ನ ಕೈ ಹಿಡಿದುಕೊಂಡ.

"ಪೊರೆ ಕಣಕ್ಕ. ಇನ್ನೂ ಬಲ್ತಿಲ್ವಂತೆ. ಬಲ್ತ ಮೇಲೆ ಆಪರೇಷನ್ ಮಾಡ್ತಾರಂತೆ."

"ಎಷ್ಟು ದಿನ?"

"ಒಂದೆರಡ್ವರ್ಷ ಆಗ್ಬೌದು. ಕಾಯ್ಬೇಕು."

ಕಾದೆ.

ಆ ವರ್ಷವೇ ಅರಕಲಗೂಡಿನ ಮನೆಗೆ ಗಿರಿಜೆಯ ಸಂಬಂಧ ಗೊತ್ತಾಯಿತು. ಹಪ್ಪಳ ಒತ್ತಿದೆ, ಅಕ್ಕಿ ಆರಿಸಿದೆ, ಸೀರೆಗಳ ಅಂಚು ಹೊಲಿದೆ. ಧಾರೆಯ ಹೊತ್ತಿಗೆ ಹಸೆಮಣೆಯ ಮುಂದೆ ನಿಂತಾಗ ಗಿರಿಜೆಯ ಹಣೆ, ಬಾಸಿಂಗ ಮಾತ್ರ ಕಂಡವು. ಪಕ್ಕದಲ್ಲೇ ಕೂತಿದ್ದ ಗಂಡು ಕಾಣಲಿಲ್ಲ. ಕತ್ತು ತಿರುಗಿಸಿ ಅವನನ್ನು ನೋಡಿದರೆ ಇವಳು ಮರೆಯಾದಳು. ಇರಲಿ, ಪೊರೆ ತೆಗೆದ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ನೋಡುತ್ತೇನೆ ಅಂದುಕೊಂಡೆ.

ಮರುವರ್ಷ ಅಕ್ಷರ ಹೋಯಿತು. ಆಮೇಲೆ ಮುಖಗಳು. ಯಾರೋ ಕೋಲು ತಂದುಕೊಟ್ಟರೆ ಮೂಲೆಗಿಟ್ಟೆ. ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿಕೊಳ್ಳಿ ಎಂದು ಮಹದೇವನ ಹೆಂಡತಿ ಪುಟ್ಟಮ್ಮ ಹೇಳಿದಾಗ ಅವಳ ಮೇಲೆ ರೇಗಿದೆ. ನಾನೇನು ಕುರುಡಿಯೇ? ಆಪರೇಷನ್ ಆಗುವವಳು. ಯಾವಾಗ ಎಂದು ಕೇಳಿದರೂ ಮಹದೇವನದು ಒಂದೇ ಉತ್ತರ. "ಇನ್ನೊಂಚೂರು ಕಣಕ್ಕ."

ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಕಮಲ ನರ್ಸ್ ಆಗಿದ್ದಳು. ಊರಿಗೆ ಬಂದವಳು ನನ್ನನ್ನು ನೋಡಿ ಗಾಬರಿಯಾದಳು. ಮಹದೇವ ಅಂಗಡಿಯ ಸರಕಿಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದ. ಅವನಿಗಾಗಿ ಕಾಯದೆ ನನ್ನನ್ನು ಮಾರನೆಯ ಬೆಳಗಿನ ರೈಲಿಗೆ ತನ್ನ ಜೊತೆ ಕರೆದೊಯ್ದಳು.

ಅಲ್ಲಿಯ ಕಣ್ಣಿನ ಡಾಕ್ಟರೂ ರೆಪ್ಪೆಯನ್ನು ಬೆರಳಲ್ಲಿ ಒತ್ತಿದರು. "ನಿಮಗೆ ಏನಂತ ಹೇಳಿದ್ರು?"

"ಪೊರೆ ಅಂತ."

"ಪೊರೆ ಅಲ್ಲಮ್ಮ. ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರ್ವ್ ಸಾಯುತ್ತೆ. ಸತ್ತ ನರ್ವ್‌ಗೆ ಆಪರೇಷನ್ ಇಲ್ಲ."

"ಎರಡು ವರ್ಷದ ಹಿಂದೆ ಬಂದಿದ್ರೆ?"

"ಆಗ ಇದ್ದಷ್ಟನ್ನ ಉಳಿಸಿಕೋಬಹುದಿತ್ತು."

ಆಮೇಲೆ ಇನ್ನೂ ಏನೋ ಹೇಳಿದರು. ಒಡಹುಟ್ಟಿದವರು, ಅವರ ಮಕ್ಕಳು ಎಂದೇನೋ ಅಂದರು. ನನ್ನ ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ.

ಮನೆಗೆ ಬಂದು ಮಹದೇವನನ್ನು ಕರೆದು ಕೂರಿಸಿದೆ. "ಹಾಸನದ ಡಾಕ್ಟ್ರು ವರಾಂಡದಲ್ಲಿ ನಿನಗೆ ಏನು ಹೇಳಿದ್ರು?"

ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟದ್ದು ಕೇಳಿಸಿತು.

"ಬೇಗ ಆಪರೇಷನ್ ಆಗ್ಬೇಕು, ಮೈಸೂರ್ಗೆ ಕರ್ಕಂಡೋಗಿ ಅಂದ್ರು ಕಣಕ್ಕ. ಅರಕಲಗೂಡಿನೋರು ಆಗ ತಾನೆ ಗಿರಿಜೆನ ನೋಡ್ಕಂಡೋಗಿದ್ರು. ಮನೇಲಿ ಕಣ್ಣು ಓಗೋ ಕಾಯ್ಲೆ ಐತೆ ಅಂತ ಗೊತ್ತಾಗಿದ್ರೆ ಬ್ಯಾಡ ಅಂದ್ಬುಡ್ತಿದ್ರು. ಮದ್ವೆ ಒಂದ್ ಮುಗ್ದೋಗ್ಲಿ ಅಂದ್ಕಂಡೆ. ಆಮೇಲೆ ಏಳಕ್ಕೆ ಬಾಯೇ ಬರ್ನಿಲ್ಲ."

ನಾನು ಕೂಗಾಡಲಿಲ್ಲ. ಅಳಲೂ ಇಲ್ಲ. ಗಿರಿಜೆಗಾಗಿ ನಿನ್ನ ಕಣ್ಣು ಬೇಕು ಅಕ್ಕ ಎಂದು ಅವನು ಬಾಯಿಬಿಟ್ಟು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ, ಅಷ್ಟು ಮುದ್ದಿನ ಕೂಸು ಅದು. ಅವನು ಕೇಳಲಿಲ್ಲ. ನನ್ನ ಕಣ್ಣು ತೆಗೆದುಕೊಂಡು, ಎರಡು ವರ್ಷ ನನ್ನ ಕೈ ಹಿಡಿದು ನಡೆಸಿದ.

ಅಂದಿನಿಂದ ಅವನ ಜೊತೆ ಮಾತು ಬಿಟ್ಟೆ. ಹಿಂದಿನ ಕೋಣೆಯಲ್ಲಿ ಒಬ್ಬಳೇ ಉಂಡೆ. ಅವನು ಬಾಗಿಲ ಹತ್ತಿರ ಬಂದು ನಿಂತು ಹೋಗುವುದು ಗೊತ್ತಾಗುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ. ಎದೆಯಲ್ಲಿ ಯಾವಾಗಲೂ ಒಂದು ಉರಿ.

ಪಕ್ಕದ ಮನೆಗೆ ಬೋರಪ್ಪ ಎಂಬ ಮುದುಕ ಮಗಳ ಜೊತೆ ಇರಲು ಬಂದಿದ್ದ. ನುಗ್ಗೇಹಳ್ಳಿಯವನು. ಭೂಗರ್ಭ ಇಲಾಖೆಯ ಸಾಹೇಬರ ಹಿಂದೆ ಸುತ್ತಿಗೆ, ಚೀಲ ಹೊತ್ತು ಈ ಸೀಮೆಯ ಗುಡ್ಡಗಳನ್ನೆಲ್ಲ ಸುತ್ತಿದವನಿಗೆ ಈಗ ಮೊಣಕಾಲು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತವನು ನನ್ನ ಅಂಗೈಯಲ್ಲಿ ಏನನ್ನೋ ಇಟ್ಟ.

"ಮೇಷ್ಟ್ರಮ್ಮಾರೆ, ಇದೇನು ಏಳಿ."

"ಕಲ್ಲು."

"ಎಂತಾ ಕಲ್ಲು?"

"ಕುರುಡೀನ ಪರೀಕ್ಷೆ ಮಾಡ್ತೀಯಾ ಬೋರಪ್ಪ?"

"ಇಲ್ಲ ಕಣವ್ವ. ಕಣ್ಣಿರೋರು ಬಣ್ಣ ನೋಡಿ ಮೋಸ ಓಯ್ತಾರೆ. ನಮ್ ಸಾಹೇಬ್ರು ಮೊದ್ಲು ಕೈಯಾಗೆ ತೂಗೋರು. ತೂಗಿ ನೋಡಿ."

ತೂಗಿದೆ. ನಿಂಬೆಹಣ್ಣಿನಷ್ಟು ದಪ್ಪ, ಆದರೆ ಮಣಿಕಟ್ಟನ್ನೇ ಕೆಳಗೆಳೆಯಿತು. ಕ್ರೋಮಿನ ಅದಿರು ಎಂದ. ಯುದ್ಧಕ್ಕೆ ಬೇಕೆಂದು ಲಾರಿಗಟ್ಟಲೆ ಸಾಗಿಸುತ್ತಿದ್ದಾರಂತೆ.

ಮಾರನೆಯ ದಿನ ಚೀಲವನ್ನೇ ತಂದ. ಬಳಪದ ಕಲ್ಲು ಎಣ್ಣೆ ಸವರಿದಂತೆ ಜಾರಿತು. ಸಾಣೆ ಹಿಡಿಯಲು ಬಳಸುವ ಕುರುಂದ ಉಗುರನ್ನೇ ತಿಂದಿತು. ಕಾಗೆಬಂಗಾರದ ಪದರಗಳು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಬಿಡಿಸಿಕೊಂಡು ಬಂದವು. ಬೆಣಚು ಕಲ್ಲು ಮಧ್ಯಾಹ್ನದ ಸೆಕೆಯಲ್ಲೂ ತಣ್ಣಗಿತ್ತು. ಎಲ್ಲವನ್ನೂ ಮೊರದಲ್ಲಿ ಸುರಿದುಕೊಂಡು ಬೇರೆ ಬೇರೆ ಮಾಡುತ್ತ ಕೂತೆ. ತಪ್ಪಿದರೆ ಬೋರಪ್ಪ ಸುಮ್ಮನೆ ಆ ಕಲ್ಲನ್ನು ಮತ್ತೆ ನನ್ನ ಕೈಗಿಡುತ್ತಿದ್ದ. ಒಂದೆರಡು ವಾರದಲ್ಲಿ ತಪ್ಪುವುದು ಕಡಿಮೆಯಾಯಿತು. ಕಲ್ಲು ಕೈಯಲ್ಲಿದ್ದಷ್ಟು ಹೊತ್ತು ಉಸಿರು ನಿಧಾನವಾಗುತ್ತಿತ್ತು. ಎದೆಯ ಉರಿ ಇಳಿಯುತ್ತಿತ್ತು. ಆ ಒಂದು ಗಂಟೆ ಮಹದೇವ ನನ್ನ ತಲೆಯಲ್ಲಿ ಇರುತ್ತಿರಲಿಲ್ಲ.

ಒಂದು ದಿನ ಯಾವ ಗುಂಪಿಗೂ ಸೇರದ ಒಂದು ಕಲ್ಲು ಸಿಕ್ಕಿತು. ಎಷ್ಟು ಸವರಿದರೂ ತಿಳಿಯಲಿಲ್ಲ. "ಇದು ಯಾವುದು ಬೋರಪ್ಪ?"

"ಅದೇನೂ ಅಲ್ಲ ಕಣವ್ವ. ರಸ್ತೆ ಜಲ್ಲಿ. ಎಂಗೋ ಚೀಲ್ದಾಗೆ ಸೇರ್ಕಬುಟ್ಟೈತೆ."

ನಕ್ಕುಬಿಟ್ಟೆ. ಎಷ್ಟೋ ತಿಂಗಳ ಮೇಲೆ ಬಂದ ನಗು. ನನಗೆ ಹಿತವಾಗಲೆಂದು ಅವನು ಅದಕ್ಕೊಂದು ದೊಡ್ಡ ಹೆಸರು ಹೇಳಬಹುದಿತ್ತು. ಹೇಳಲಿಲ್ಲ.

ಹೀಗೆ ಮನಸ್ಸು ಒಂದು ಹದಕ್ಕೆ ಬಂದಿದ್ದ ಒಂದು ಮಧ್ಯಾಹ್ನ, ಮೊರದ ಮುಂದೆ ಕೂತಿದ್ದಾಗ, ಮೈಸೂರಿನ ಡಾಕ್ಟರು ಕೊನೆಗೆ ಹೇಳಿದ ಮಾತು ಪೂರ್ತಿಯಾಗಿ ನೆನಪಾಯಿತು. ಇದು ಕೆಲವು ಮನೆತನಗಳಲ್ಲಿ ಬರುತ್ತೆ. ಒಡಹುಟ್ಟಿದವರು, ಅವರ ಮಕ್ಕಳು ಇದ್ದರೆ ವರ್ಷಕ್ಕೊಂದು ಸಲ ಕಣ್ಣು ತೋರಿಸಲಿ.

ಕೈಯಲ್ಲಿದ್ದ ಕಲ್ಲನ್ನು ಮೊರಕ್ಕೆ ಹಾಕಿ ಎದ್ದೆ.

ಅಂದು ಸಂಜೆ ತಮ್ಮನನ್ನು ಹೆಸರಿಟ್ಟು ಕರೆದೆ. ಎಂಟು ತಿಂಗಳ ಮೇಲೆ. ಕಾಗದ, ಪೆನ್ನು ತರಲು ಹೇಳಿದೆ. ನೀವು ಓದುತ್ತಿರುವ ಇದನ್ನೆಲ್ಲ ಬರೆದದ್ದು ಮಹದೇವನೇ. ಮೂರ್ನಾಲ್ಕು ಸಂಜೆ ನಾನು ಹೇಳುತ್ತ ಹೋದೆ, ಅವನು ಬರೆಯುತ್ತ ಹೋದ. ಹಾಸನದ ವರಾಂಡದ ಮಾತು ಬಂದಾಗ ಒಂದು ಸಲ ಪೆನ್ನು ನಿಂತಿತು, ಮತ್ತೆ ಶುರುವಾಯಿತು. ಲೋಟ ಕೆಳಗಿಟ್ಟ ಜಾಗಕ್ಕೆ ಬಂದಾಗ ಪೂರ್ತಿ ನಿಂತುಹೋಯಿತು.

"ಇದ್ನ ಗಿರಿಜೆ ಓದ್ತಾಳಲ್ಲಕ್ಕ. ಅವರತ್ತೆ ಮನೆಯೋರೂ ಓದ್ತಾರೆ."

"ಓದ್ಲಿ," ಎಂದು ಡಾಕ್ಟರ ಕೊನೆಯ ಮಾತನ್ನೂ ಹೇಳಿದೆ.

"ಅವಳ್ಗೂ ಬರ್ಬೌದಾ?"

"ಬರ್ದೇನೂ ಇರ್ಬೌದು. ತೋರಿಸ್ದೆ ಹೇಗೆ ಗೊತ್ತಾಗುತ್ತೆ? ನಿನ್ನ ಕಣ್ಣೂ ತೋರಿಸ್ಬೇಕು. ಬರಿ."

ಬರೆದ.

ನಾನು ಅವನನ್ನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆಂದು ಬರೆಸಿದರೆ ಸುಳ್ಳಾಗುತ್ತದೆ. ಆದರೆ ಈಗ ನಡುಮನೆಯಲ್ಲಿ ಒಟ್ಟಿಗೆ ಕೂತು ಉಣ್ಣುತ್ತೇವೆ. ಬೆಳಿಗ್ಗೆ ಎದ್ದರೆ ನನಗೆ ಮಾಡಲು ಒಂದು ಕೆಲಸವಿದೆ, ಬೆರಳಿಗೆ ತಿಳಿಯಬೇಕಾದ ಕಲ್ಲುಗಳು ಇನ್ನೂ ಇವೆ. ಅಷ್ಟಕ್ಕೆ ಬೋರಪ್ಪನಿಗೆ ಋಣಿ.

ನಾಳೆ ಮಹದೇವ ಅರಕಲಗೂಡಿಗೆ ಹೋಗಿ ಗಿರಿಜೆಯನ್ನು ಕರೆತರುತ್ತಾನೆ. ಈ ಕಾಗದಗಳನ್ನು ಅವಳೇ ಮೊದಲು ಓದಲಿ. ಅದಾದ ಮೇಲೆ ಮೈಸೂರಿಗೆ. ಈ ಸಲ ಡಾಕ್ಟರು ಹೇಳುವುದನ್ನು ಮೂವರೂ ಒಟ್ಟಿಗೆ ಕೂತು ಕೇಳುತ್ತೇವೆ.