ಹೊಟ್ಟೆಯ ದಾರಿ, ಮೂಗಿನ ದಾರಿ

ಲಕ್ವ ಹೊಡೆದ ಮೇಲೆ ಅಪ್ಪನ ಕೈಕಾಲು ತಕ್ಕಮಟ್ಟಿಗೆ ಮರಳಿದವು, ಗಂಟಲು ಮರಳಲಿಲ್ಲ. ಗುಟುಕು ನೀರು ಕೊಟ್ಟರೂ ನೆತ್ತಿಗೆ ಹತ್ತಿ ಕಣ್ಣು ಮೇಲೆ ಮಾಡುತ್ತಿದ್ದ. ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಳಿಸಿ ಅದರಲ್ಲೇ ಊಟ ಕೊಡೋಣ ಎಂದರು ಮಂಡ್ಯದ ಡಾಕ್ಟರು. ಅಪ್ಪ ತಲೆ ಕೊಡವಿದ. ಕೊತ್ತತ್ತಿಯ ಸುತ್ತ ಎಷ್ಟೋ ಹೋರಿಗಳಿಗೆ ಮೂಗು ಚುಚ್ಚಿ ದಾರ ಹಾಕಿದ ಕೈ ಅವನದು.

"ನಾನೇನ್ ಎತ್ತೇನವ್ವ? ಮೂಗ್ದಾರ ಆಕುಸ್ಕೊಂಡು ಊರೊಳ್ಗೆ ತಿರುಗ್ಲಾ? ಒಟ್ಟೆ ಕುಯ್ದೇ ಆಕ್ಲಿ ಬುಡು. ಅಂಗಿ ಒಳ್ಗಿದ್ರೆ ಯಾರ್ ಕಂಡಾರು?" ತೊದಲು ಮಾತಲ್ಲೂ ಗತ್ತು ಇಳಿದಿರಲಿಲ್ಲ.

ನಮ್ಮ ಕಡೆ ಮಾನ ಪ್ರಾಣಕ್ಕಿಂತ ಒಂದು ಕೈ ಮೇಲೆ. ಇನ್ನೊಂದು ದಾರಿಯೂ ಇದೆ ಎಂದು ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ನಾವು ಎದ್ದಾಗಿತ್ತು. ಬೇರೊಂದು ಆಸ್ಪತ್ರೆ ಹುಡುಕಿ, ಹೊಟ್ಟೆ ಕುಯ್ಸಿ, ನೇರ ಕರುಳಿಗೇ ಕೊಳವೆ ಹಾಕಿಸಿಕೊಂಡು ಬಂದೆವು.

ಕೆಲವೇ ದಿನಕ್ಕೆ ಕೊಳವೆಯ ಸುತ್ತ ರಸ ಸೋರಿ ಚರ್ಮ ಸುಟ್ಟಂತೆ ಕೆಂಪಾಯಿತು, ಕೀವಾಯಿತು. ಒಂದು ಬೆಳಿಗ್ಗೆ ಹೊಟ್ಟೆ ಉಬ್ಬಿ ಹಸಿರು ವಾಂತಿ. ಮತ್ತೆ ಅದೇ ಮಂಡ್ಯದ ಡಾಕ್ಟರ ಮುಂದೆ ನಿಂತೆವು. ಕೊಳವೆ ಹೊಲಿದ ಜಾಗದಲ್ಲಿ ಕರುಳು ತಿರುಚಿಕೊಂಡಿತ್ತು. ಆಪರೇಷನ್ ಮಾಡಿಸಿ ಕರುಳು ಬಿಡಿಸಿ, ಆ ಕೊಳವೆ ತೆಗೆಸಿದರು. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

"ನೋಡಮ್ಮ, ಕುಯ್ದು ಕರುಳಿಗೆ ಹಾಕೋದು ಬೇರೆ ದಾರಿನೇ ಇಲ್ದಾಗ. ಮೊದ್ಲು ಮೂಗು. ತಿಂಗಳುಗಟ್ಟಲೆ ಬೇಕಾದ್ರೆ ಬಾಯಿಂದ ಕ್ಯಾಮೆರಾ ಇಳಿಸಿ, ಹೊಟ್ಟೆಗೆ ಸಣ್ಣ ತೂತು ಮಾಡಿ ಕೊಳವೆ ಕೂರಿಸ್ತೀವಿ. ಅದೂ ಅಂಗಿ ಒಳಗೇ ಇರುತ್ತೆ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊಟ್ಟೆಯ ಗಾಯ ಮಾಯುವವರೆಗೆ ಮೂಗೇ ಗತಿ. ಅಪ್ಪ ತುಟಿ ಬಿಗಿದು ಮೂಗೊಡ್ಡಿದ. ಗಂಜಿ ಸರಾಗ ಇಳಿಯಿತು, ಮುಖಕ್ಕೆ ಕಳೆಯೂ ಬಂತು. ಆದರೆ ನಾಲಿಗೆಗೆ ಏನೂ ಸಿಗಲಿಲ್ಲವಲ್ಲ. ಅಪ್ಪ ಮತ್ತೆ ಬಾಯಲ್ಲಿ ಉಣ್ಣಬೇಕು, ಅಷ್ಟೇ ನನ್ನ ಆಸೆಯಾಗಿತ್ತು. ಅವನು ಹೋದ ಮೇಲೂ ಆ ಆಸೆ ಹೋಗಿಲ್ಲ.

ಮೂಗಿನ ಕೊಳವೆಯೊಂದಿಗೇ ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವ್ವ ಮುದ್ದೆ ತಿರುವಿದಳು. ನಾನು ಅಪ್ಪನಿಗೆ ಕಾಣದಂತೆ ಅಡುಗೆಮನೆಯ ಬಾಗಿಲು ಮರೆ ಮಾಡಿಕೊಂಡು ತಟ್ಟೆ ಮುಂದೆ ಕೂತೆ. ಅಪ್ಪ ಕೂಗಿದ.

"ಇಲ್ಲೇ ಬಂದು ಉಣ್ಣವ್ವ. ನಾನ್ ನೋಡ್ತೀನಿ."

ಎದುರಿಗೆ ಕೂತೆ. ಮುದ್ದೆ ಮುರಿದು, ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ನನ್ನ ಗಂಟಲಲ್ಲಿ ತುತ್ತು ಇಳಿದಾಗ ಅಪ್ಪನ ಗಂಟಲೂ ಆಡಿತು.

"ಇನ್ನೊಂದ್ ತುತ್ತು," ಎಂದ.