ಕೋರೆಹಲ್ಲಿಲ್ಲದ ದೆವ್ವ

ಬೆಳಗಿನ ಜಾವ. ಸ್ಟುಡಿಯೋದ ಹಿಂಬದಿಯ ಮೇಕಪ್ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕುರ್ಚಿಗೆ ಒರಗಿದ ನಟ ಅರ್ಧ ನಿದ್ದೆಯಲ್ಲಿದ್ದಾನೆ. ಅವನ ಕೆನ್ನೆಗೆ ಸ್ಪಂಜಿನಿಂದ ಬಣ್ಣ ಒತ್ತುತ್ತಿರುವ ಹೆಂಗಸು ಹಿಂದೆ ಸರಿದು ನೋಡುತ್ತಾರೆ, ಮತ್ತೆ ಬಂದು ಒರೆಸುತ್ತಾರೆ. ಇವತ್ತು ಅವನು ದೆವ್ವವಾಗಬೇಕು. ಕನ್ನಡಿಯಲ್ಲಿ ಕಾಣುತ್ತಿರುವುದು ಮಾತ್ರ ಹಾಲು ತರಲು ಹೋದಾಗ ಎದುರು ಸಿಕ್ಕಿ ಕುಶಲ ಕೇಳುವ ಪಕ್ಕದ ಮನೆಯವನ ಮುಖ.

"ಅಲ್ಲಾಡಬೇಡಪ್ಪಾ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವನ ಥರ ಕಾಣ್ಬೇಕು ನೀನು. ಈಗ್ಲೇ ಮಲಗಿದ್ರೆ ಹೇಗೆ?" ಎಂದು ಗದರುತ್ತಾರೆ.

ಸ್ಟುಡಿಯೋದಲ್ಲಿ ಎಲ್ಲರಿಗೂ ಅವರು ಮೂಗಿನಮ್ಮ. ಮುರಿದ ಮೂಗು, ಕೊಳೆತ ಮೂಗು, ಮೂಳೆ ಕಾಣುವ ಮೂಗು, ಯಾವುದು ಬೇಕಾದರೂ ರಬ್ಬರಿನಲ್ಲಿ ಎರೆದು ಕೊಡುತ್ತಾರೆ. ತಂದೆಯಿಲ್ಲದ ಇವರನ್ನು ಸಾಕಿದ ದೊಡ್ಡಪ್ಪನೇ ಈ ಕೆಲಸಕ್ಕೂ ಗುರು. ಓರಗೆಯ ಹುಡುಗಿಯರು ಗೊಂಬೆ ಆಡುವ ವಯಸ್ಸಿನಲ್ಲಿ ಇವರು ಹೆಣದ ಕಿವಿಗಳನ್ನು ಬಿಸಿಲಿಗೆ ಒಣಹಾಕುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಲೆಯ ಪಕ್ಕ ಇಟ್ಟಿದ್ದ ರಬ್ಬರಿನ ತುಂಡು ಕೈ ನೋಡಿ ಗಂಡ ಎದ್ದೆನೋ ಬಿದ್ದೆನೋ ಎಂದು ಓಡಿದ್ದನ್ನು ನೆನೆದು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂಟು ತಾಗಿ ತಾಗಿ ಬೆರಳ ತುದಿಗಳು ನುಣ್ಣಗಾಗಿವೆ. ಚಿತ್ರದ ಕೊನೆಯಲ್ಲಿ ಅವರ ಹೆಸರು ಬರುವ ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ.

ಈಗ ತಯಾರಾಗುತ್ತಿರುವ ಚಿತ್ರದಲ್ಲಿ ಊರಿನ ಮಕ್ಕಳು ಕಾಣೆಯಾಗುತ್ತಾರೆ. ರಕ್ತ ಹೀರುವ ದೆವ್ವ ಬಂದಿದೆ ಎಂಬ ಸುದ್ದಿ ಹಬ್ಬುತ್ತದೆ. ಜನ ಹಿಂದೆಮುಂದೆ ನೋಡದೆ ಯೆಹೂದಿ ಗಡಿಯಾರ ರಿಪೇರಿಯವನ ಅಂಗಡಿಗೆ ಬೆಂಕಿ ಇಡುತ್ತಾರೆ. ನಿಜವಾದ ದೆವ್ವ ಆ ಗುಂಪಿನಲ್ಲೇ ಇರುತ್ತದೆ. ಮಕ್ಕಳನ್ನು ಕದ್ದು ರಕ್ತ ತೆಗೆಯುತ್ತಾರೆಂದು ಯೆಹೂದಿಗಳ ತಲೆಗೆ ಅಪವಾದ ಕಟ್ಟಿ ಕೊಂದದ್ದು ಇತಿಹಾಸ. ಅದನ್ನು ಹೆದರಿಸುವ ಚಿತ್ರವಾಗಿಯೇ ಹೇಳಬೇಕೆಂಬುದು ನಿರ್ದೇಶಕರ ಆಸೆ.

ಎಡವಟ್ಟಾದದ್ದು ಹೋದ ವಾರ. ದೆವ್ವವನ್ನು ನೋಡಿದರೆ ಎದೆ ಝಲ್ಲೆನ್ನಬೇಕು ಎಂದಿದ್ದರು ನಿರ್ದೇಶಕರು. ರಕ್ತ ಹೀರುವ ದೆವ್ವಕ್ಕೆ ಆ ಕೋಣೆಯಲ್ಲಿ ಮೊದಲಿನಿಂದಲೂ ಒಂದೇ ಅಚ್ಚು. ದೊಡ್ಡಪ್ಪ ಬಿಟ್ಟುಹೋದ, ಕೊಕ್ಕಿನಂತೆ ಬಾಗಿದ ಉದ್ದ ಮೂಗು. "ಕೈ ತಾನಾಗೇ ಅಲ್ಲಿಗೆ ಹೋಯ್ತು. ಯಾಕೆ ಇದೇ ಮೂಗು ಅಂತ ಒಂದಿನಾನೂ ಕೇಳ್ಕೊಂಡಿಲ್ಲ ನಾನು," ಎನ್ನುತ್ತಾರೆ.

ಗಡಿಯಾರದವನ ಪಾತ್ರ ಮಾಡುತ್ತಿರುವುದು ಸ್ಟುಡಿಯೋದ ಹಳೆಯ ದರ್ಜಿ. ಸ್ವತಃ ಯೆಹೂದಿ. ಎಲ್ಲರೂ ಅಜ್ಜ ಎನ್ನುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅಜ್ಜ ಕನ್ನಡಿಯಲ್ಲಿ ದೆವ್ವದ ಮುಖ ಕಂಡು ಎದ್ದು ಹತ್ತಿರ ಬಂದರು.

"ಈ ಮುಖ ನಂಗೊತ್ತಮ್ಮ," ಎಂದರು. "ಚಿಕ್ಕವನಿದ್ದಾಗ ನಮ್ಮಪ್ಪನ ಅಂಗಡಿ ಗೋಡೆ ಮೇಲೆ ಬರೆದಿದ್ರು. ಇದೇ ಮೂಗು. ಕೆಳಗೆ ನಮ್ಮಪ್ಪನ ಹೆಸರು. ಆ ರಾತ್ರೀನೇ ಜನ ನಮ್ಮನೆಗೆ ನುಗ್ಗಿದ್ರು."

ಮೂಗಿನಮ್ಮ ನಾಚಿಕೆಯಿಂದ ಕುಗ್ಗಿಹೋದರು. ಯೆಹೂದಿಗಳ ಪರ ನಿಲ್ಲುವ ಚಿತ್ರಕ್ಕೆ, ಅವರನ್ನು ಹಂಗಿಸಲು ಬರೆದ ಮುಖವನ್ನೇ ದೆವ್ವ ಎಂದು ಅಂಟಿಸಿದ್ದರು.

"ಮತ್ತೆ ನಿಮ್ಮನೆಗೆ ನುಗ್ಗಿದವರು ಹೇಗಿದ್ರು ಅಜ್ಜ?"

"ಚೆನ್ನಾಗೇ ಇದ್ರು. ನೀಟಾಗಿ ಗಡ್ಡ ಬೋಳಿಸ್ಕೊಂಡು ಬಂದಿದ್ರು. ಒಬ್ಬ ಹಾಕ್ಕೊಂಡಿದ್ದ ಕೋಟು ನಮ್ಮಪ್ಪ ಹೊಲಿದದ್ದೇ."

ಮೂಗಿನಮ್ಮ ನಟನ ಮುಖದಿಂದ ಮೂಗು ಕಿತ್ತರು. ಕೋರೆಹಲ್ಲನ್ನೂ ತೆಗೆಸಿದರು. ಲೈಟು ಹಾಕಿ ಕಾಯುತ್ತಿದ್ದ ನಿರ್ದೇಶಕರು ಕೆಂಡಾಮಂಡಲವಾದರು. "ದೆವ್ವ ಅಂದ್ಮೇಲೆ ದೆವ್ವದ ಥರ ಇರ್ಬೇಡ್ವೇನಮ್ಮ? ನಿಮ್ಮಿಂದ ಆಗಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ."

"ಕರೆಸಿ ಸರ್. ಆ ಮೂಗು ಮಾತ್ರ ನನ್ನ ಕೈಯಿಂದ ಆಚೆ ಹೋಗಲ್ಲ. ಒಂದ್ಸಲ ಇವನನ್ನ ಬಾಗಿಲ ಮುಂದೆ ನಿಲ್ಲಿಸಿ ನೋಡಿ, ಆಮೇಲೆ ಕರೆಸಿ."

ನಟನ ಗಡ್ಡ ಬೋಳಿಸಿ, ತಲೆ ಬಾಚಿ, ಅಜ್ಜ ಹೊಲಿದ ಕೋಟೊಂದನ್ನು ತೊಡಿಸಿ ಕಳಿಸಿದರು. ಸೆಟ್ಟಿನಲ್ಲಿ ನಟ ಬಾಗಿಲು ತಟ್ಟಿದ. ಅಜ್ಜ ತೆರೆದರು. ನಗುತ್ತಾ ನಿಂತ ನೆರೆಯವನನ್ನೂ ಅವನ ಮೈಮೇಲಿನ ಕೋಟನ್ನೂ ನೋಡಿದರು. ಹೇಳಬೇಕಿದ್ದ ಮಾತು ಬಿಟ್ಟು ಬಾಗಿಲು ಮುಚ್ಚಿದರು. ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ನಿರ್ದೇಶಕರೇ ಓಡಿಬಂದು ಅವರನ್ನು ಕೂರಿಸಿ ನೀರು ಕೊಟ್ಟರು. ಮತ್ತೆ ಮೂಗಿನ ಮಾತೆತ್ತಲಿಲ್ಲ.

ಆ ಸಂಜೆಯೇ ಅಚ್ಚನ್ನು ಅಂಗಳಕ್ಕೆ ಒಯ್ದು ಒಡೆದರು ಮೂಗಿನಮ್ಮ. "ದೊಡ್ಡಪ್ಪನ ಮೇಲೇ ಸುತ್ತಿಗೆ ಎತ್ತಿದ ಹಾಗಾಯ್ತು. ಅವರೇನೂ ಕೆಟ್ಟವರಲ್ಲ. ಅವರಿಗೂ ಯಾರೋ ಕೊಟ್ಟಿದ್ದು, ಇಸ್ಕೊಂಡ್ರು," ಎನ್ನುತ್ತಾರೆ.

ಹೊರಗೆ ಬೆಳಕು ಹರಿದಿದೆ. ನಟನ ಕಾಲರ್ ಸರಿಮಾಡಿ ಎಬ್ಬಿಸುತ್ತಾರೆ. ಇಷ್ಟು ಕಷ್ಟಪಟ್ಟು ಮಾಡಿದ ಮುಖದಲ್ಲಿ ನಿಮ್ಮ ಕೈಕೆಲಸ ಯಾರಿಗೂ ಕಾಣುವುದಿಲ್ಲವಲ್ಲ ಎಂದರೆ, ಸ್ಪಂಜು ಹಿಂಡುತ್ತಾ ನಗುತ್ತಾರೆ.

"ಕಾಣೋದು ಬೇಡ ಬಿಡಿ. ಅಜ್ಜನ ಜೊತೆ ಥಿಯೇಟರಿನ ಹಿಂದಿನ ಸಾಲಲ್ಲಿ ಕೂತು ನೋಡ್ಬೇಕು ಅಂತಿದೆ. ಸಿನಿಮಾ ಮುಗಿದು ಲೈಟ್ ಹಾಕ್ತಾರಲ್ಲ, ಆಗ ಜನ ಪಕ್ಕದ ಸೀಟಿನವರ ಮುಖ ಒಂದ್ಸಲ ತಿರುಗಿ ನೋಡ್ಬೇಕು. ಆಮೇಲೆ ತಮ್ಮ ಮುಖಾನೂ ಒಂದ್ಸಲ ಮುಟ್ಟಿ ನೋಡ್ಕೊಂಡ್ರೆ, ನನ್ನ ಕೆಲಸ ಸಾರ್ಥಕ."